ಮಾವನ ಗ್ಯಾಲಿ, ನನ್ನ ಬಫರ್

ನನ್ನ ಬಿಲ್ಲಿನ ತಂತ್ರಾಂಶ ಬಳಸುವ ತಿಪಟೂರಿನ ಕೊಬ್ಬರಿ ಮಂಡಿಯೊಂದರ ಗುಮಾಸ್ತರು ಫೋನ್ ಮಾಡಿದಾಗ ನಾನು ತುಮಕೂರಿನ ಅಮಾನಿಕೆರೆಯ ಏರಿಯ ಮೇಲೆ ನಡೆಯುತ್ತಿದ್ದೆ. "ಸಾರ್, ನಿಮ್ಮ ಬಿಲ್ಲು ಚೀಲಕ್ಕೆ ಒಂದು ಕೆ.ಜಿ. ಗೋಣಿ ಕಳೆಯುತ್ತಿದೆ. ನಮ್ಮಲ್ಲಿ ಯಾವತ್ತೂ ಏಳುನೂರು ಗ್ರಾಂ" ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದದ್ದು ಅವರ ಎದುರು ನಿಂತಿದ್ದ ರೈತರೊಬ್ಬರಿಗೆ. ಅದು ಫೋನಿನಲ್ಲಿ ಚೆನ್ನಾಗಿಯೇ ಕೇಳಿಸುತ್ತಿತ್ತು.

ಗೋಣಿ ಕಳೆಯುವುದೆಂದರೆ ತೂಕದಲ್ಲಿ ಖಾಲಿ ಚೀಲದ ಪಾಲನ್ನು ಬಿಡುವುದು; ಅದರಲ್ಲಿ ಚೀಲಕ್ಕೆ 300 ಗ್ರಾಂ ವ್ಯತ್ಯಾಸ. ಊರಾಚೆಯವರಿಗೆ ಇದು ಚಿಲ್ಲರೆ ವಿಷಯವಾಗಿ ಕಾಣಬಹುದು. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ. ಆ ಲೆಕ್ಕದಲ್ಲೇ ಹಿಡಿದರೂ 300 ಗ್ರಾಂ ಎಂದರೆ 36 ರೂಪಾಯಿ, ಪ್ರತಿ ಚೀಲಕ್ಕೆ. ಕಾಯಿಯನ್ನು ಅಟ್ಟಕ್ಕೆ ಹಾಕಿ, ಹತ್ತು ಹನ್ನೊಂದು ತಿಂಗಳು ಕಾದು, ಒಳಗಿನ ನೀರು ಆರಿ ಗಿಟುಕು ಅಲ್ಲಾಡಿದ ಸದ್ದು ಕೇಳಿದ ಮೇಲೆ ಸುಲಿಸಿ, ಒಡೆಸಿ, ಚೀಲ ತುಂಬಿ ತಂದವರ 36 ರೂಪಾಯಿ ಅದು. ಅವರು ಬಿಲ್ಲನ್ನು ಅಂಗಡಿಯ ಮುಂದೆಯೇ ನಿಂತು ಓದುತ್ತಾರೆ. ನನ್ನ ತಂತ್ರಾಂಶವನ್ನು ಅವರಷ್ಟು ನಿಷ್ಠುರವಾಗಿ ಪರೀಕ್ಷಿಸಿದವರು ಇನ್ನೊಬ್ಬರಿಲ್ಲ.

ಮನೆಗೆ ಬಂದು ಆ ಮಂಡಿಯ ಕಡತವನ್ನು ತೆರೆದೆ. ಅದು ನಾನು ಕೈಯಾರೆ ಬರೆದ ಕಡತವಲ್ಲ; ನಾನು ಬರೆದ ಪ್ರೋಗ್ರಾಂ ಬರೆದ ಪ್ರೋಗ್ರಾಂ. ಅದರ ಕೊನೆಯ ಸಾಲುಗಳು ಹೀಗಿದ್ದವು:

ಹಮಾಲಿ_ದರ = 5
ಗೋಣಿ_ಕಡಿತ = 0.7
ದರ = 6
ಗೋಣಿ_ಕಡಿತ = 1.0

ಮೊದಲೆರಡು ಸಾಲು ಸರಿ. ಮೂರನೆಯದು ಎಲ್ಲಿಂದ ಬಂತು? ನನ್ನ ಪ್ರೋಗ್ರಾಮಿನಲ್ಲಿ ಎಲ್ಲಿಯೂ ಬರಿಯ 'ದರ' ಎಂಬ ಹೆಸರಿಲ್ಲ. ಇದ್ದದ್ದು 'ಹಮಾಲಿ_ದರ'. ಯಾರೋ ಅದರ ತಲೆ ಕಡಿದು ಬಾಲವನ್ನು ಮಾತ್ರ ಇಲ್ಲಿ ಬಿಟ್ಟು ಹೋದ ಹಾಗಿತ್ತು. ಸಾಲನ್ನು ದಿಟ್ಟಿಸುತ್ತ ಕುಳಿತವನಿಗೆ, ಮೂವತ್ತೈದು ವರ್ಷಗಳ ಹಿಂದೆ ಚಿಕ್ಕಪೇಟೆಯ ಒಂದು ಓಣಿಯಲ್ಲಿ ನನ್ನ ಸೋದರಮಾವ ತಲೆಗೆ ಕೈ ಹೊತ್ತು ಕುಳಿತಿದ್ದ ಭಂಗಿ ನೆನಪಾಯಿತು.

ಮಾವನದು ಸಣ್ಣ ಅಚ್ಚುಕೂಟ. ಕಾಲಿನಿಂದ ತುಳಿಯುವ ಒಂದು ಟ್ರೆಡಲ್ ಯಂತ್ರ, ಗೋಡೆಯುದ್ದಕ್ಕೂ ಅಚ್ಚುಮೊಳೆಗಳ ಖಾನೆಗಳು, ಬಾಗಿಲ ಪಕ್ಕದಲ್ಲಿ ಸೀಮೆಎಣ್ಣೆಯ ವಾಸನೆ. ಕನ್ನಡದ ಮೊಳೆ ಜೋಡಿಸುವುದು ಇಂಗ್ಲಿಷಿನಷ್ಟು ಸಲೀಸಲ್ಲ: ಗುಣಿತಕ್ಕೆ ಒಂದು, ಒತ್ತಕ್ಷರಕ್ಕೆ ಇನ್ನೊಂದು ಎಂದು ಖಾನೆಗಳು ಬೆಳೆಯುತ್ತಲೇ ಹೋಗುತ್ತವೆ. ಅಂಗಡಿ ನಡೆಯುತ್ತಿದ್ದದ್ದು ಲಗ್ನಪತ್ರಿಕೆಗಳಿಂದ. ಲಗ್ನಪತ್ರಿಕೆಯಲ್ಲಿ ಮುಕ್ಕಾಲು ಪಾಲು ಮಾತು ಎಲ್ಲ ಮದುವೆಗಳಿಗೂ ಒಂದೇ ಅಲ್ಲವೇ? 'ಶ್ರೀ' ಎಂಬಲ್ಲಿಂದ 'ತಾವು ಸಕುಟುಂಬ ಸಪರಿವಾರ ಸಮೇತರಾಗಿ' ಎಂಬಲ್ಲಿಯವರೆಗೆ ಜೋಡಿಸಿದ ಮೊಳೆಗಳನ್ನು ಮಾವ ಬಿಡಿಸುತ್ತಲೇ ಇರಲಿಲ್ಲ. ದಾರ ಕಟ್ಟಿ ಗ್ಯಾಲಿಯ ಮೇಲೆ, ಅಂದರೆ ಜೋಡಿಸಿದ ಮೊಳೆ ಇಡುವ ತಟ್ಟೆಯ ಮೇಲೆ, ಹಾಗೆಯೇ ಇಟ್ಟಿರುತ್ತಿದ್ದರು. ಹೊಸ ಮದುವೆ ಬಂದರೆ ವಧೂವರರ ಹೆಸರು, ಮುಹೂರ್ತ, ಛತ್ರ, ಕೊನೆಯಲ್ಲಿ ಸುಖಾಗಮನ ಬಯಸುವವರ ಪಟ್ಟಿ, ಇಷ್ಟನ್ನು ಕಿತ್ತು ಹೊಸದನ್ನು ಕೂರಿಸಿದರೆ ಮುಗಿಯಿತು.

ಇಂದು ನಾವು ಟೆಂಪ್ಲೇಟ್ ಎನ್ನುವುದು ಇದನ್ನೇ. ಕಾಲೇಜಿನಲ್ಲಿ ಅದನ್ನು ಎರಡು ತರಗತಿ ವಿವರಿಸಿದರು. ನಾನು ಹತ್ತನೆಯ ವಯಸ್ಸಿನಲ್ಲೇ ಅದರ ಮಸಿಯನ್ನು ಅಂಗಿಗೆ ಬಳಿದುಕೊಂಡಿದ್ದೆ.

ಒಂದು ವೈಶಾಖದ ಗಡಿಬಿಡಿಯಲ್ಲಿ ಕುಣಿಗಲ್ ಕಡೆಯ ಮದುವೆಯ ಪತ್ರಿಕೆ ಮುಗಿದು ಗುಬ್ಬಿಯದು ಗ್ಯಾಲಿಗೆ ಬಂತು. ಕುಣಿಗಲ್‌ನವರದು ದೊಡ್ಡ ಕುಟುಂಬ, ಬಯಸುವವರ ಪಟ್ಟಿ ಹನ್ನೊಂದು ಸಾಲು. ಗುಬ್ಬಿಯವರದು ಒಂಬತ್ತು. ಮಾವ ಮೇಲಿನಿಂದ ಒಂಬತ್ತು ಸಾಲು ಬದಲಿಸಿದರು. ಕೆಳಗಿನ ಎರಡು ಹಾಗೆಯೇ ಉಳಿದವು. ಅಂದು ಅವರು ಕರಡಚ್ಚು ತೆಗೆಯಲಿಲ್ಲ. ಐನೂರು ಪತ್ರಿಕೆ ಅಚ್ಚಾಗಿ, ಅರಿಸಿನ ಕುಂಕುಮ ಹಚ್ಚಿ, ಅರ್ಧ ಊರಿಗೆ ಹಂಚಿದ ಮೇಲೆ ಗುಬ್ಬಿಯ ಹುಡುಗಿಯ ಮನೆಯವರು ಬಂದು, "ನಮ್ಮ ಮಗಳ ಮದುವೆಗೆ ಸುಖಾಗಮನ ಬಯಸುತ್ತಿರುವ ಈ ಇಬ್ಬರು ಭಾವಮೈದುನರು ಯಾರು ಸ್ವಾಮಿ?" ಎಂದು ಕೇಳಿದರು. ಮಾವ ಐನೂರನ್ನೂ ತಮ್ಮ ಖರ್ಚಿನಲ್ಲಿ ಮತ್ತೆ ಅಚ್ಚು ಹಾಕಿಕೊಟ್ಟರು. ಅಂದಿನಿಂದ ಅವರ ಅಂಗಡಿಯಲ್ಲಿ ಎರಡು ರೂಢಿಗಳು ಬಂದವು: ಹೆಸರಿನ ಭಾಗದ ಮೊಳೆಗಳನ್ನು ಅಚ್ಚಾದೊಡನೆ ಬಿಡಿಸಿ ಖಾನೆಗೆ ಹಾಕುವುದು, ಮತ್ತು ಕರಡನ್ನು ಕೆಳಗಿನ ಸಾಲಿನಿಂದ ಮೇಲಕ್ಕೆ ಓದುವುದು.

ನನ್ನ ಕಡತದಲ್ಲಿ ಆಗಿದ್ದದ್ದೂ ಅದೇ. ಭಾವಮೈದುನರ ಬದಲು ಇಲ್ಲಿ ಪಕ್ಕದ ಮಂಡಿಯ ಗೋಣಿ ಕಡಿತ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ಕೆಲಸ ಕೊಬ್ಬರಿ ಮಂಡಿಗಳ ತೂಕದ ಚೀಟಿಗಳನ್ನು ಓದಿ ಬಿಲ್ಲು ಮಾಡುವುದು. ಒಂದೊಂದು ಮಂಡಿಯ ಚೀಟಿ ಒಂದೊಂದು ತೆರ. ಒಬ್ಬರು ಮೊದಲು ಚೀಲದ ಸಂಖ್ಯೆ ಬರೆದರೆ, ಇನ್ನೊಬ್ಬರು ಮೊದಲು ತೂಕ. ಹಮಾಲಿ, ಗೋಣಿ, ಕಸರು, ಯಾವುದನ್ನು ಎಷ್ಟು ಕಳೆಯಬೇಕು ಎಂಬುದೂ ಬೇರೆ ಬೇರೆ. ಮಂಡಿಗೊಂದು ಪ್ರೋಗ್ರಾಂ ಕೈಯಾರೆ ಬರೆಯುತ್ತ ಹೋದವನು ಏಳನೆಯದರ ಹೊತ್ತಿಗೆ ಸೋತೆ. ಆಮೇಲೆ ಎಲ್ಲರ ನಿಯಮಗಳನ್ನೂ ಒಂದು ಕೋಷ್ಟಕದಲ್ಲಿ ಬರೆದಿಟ್ಟು, ಆ ಕೋಷ್ಟಕವನ್ನು ಓದಿ ಮಂಡಿಗೊಂದರಂತೆ ಪೈಥಾನ್ ಭಾಷೆಯ ಕಡತ ಬರೆದುಕೊಡುವ ಇನ್ನೊಂದು ಪ್ರೋಗ್ರಾಂ ಬರೆದೆ.

ಪ್ರೋಗ್ರಾಂ ಬರೆಯುವ ಪ್ರೋಗ್ರಾಂ ಎಂದೊಡನೆ ಕೆಲವರ ಹುಬ್ಬು ಮೇಲೇರುತ್ತದೆ. ಹಾಗೆ ಏರಿಸುವ ಅಗತ್ಯವಿಲ್ಲ. 1957ರಲ್ಲಿ ಐಬಿಎಂ ಕೊಟ್ಟ ಫೋರ್ಟ್ರಾನ್ ಮಾಡುತ್ತಿದ್ದದ್ದು ಮನುಷ್ಯರು ಬರೆದ ಸೂತ್ರವನ್ನು ಓದಿ ಯಂತ್ರದ ಸಂಕೇತ ಬರೆಯುವುದನ್ನೇ; ಆ ಕಾಲದಲ್ಲಿ ಅದನ್ನು 'ಸ್ವಯಂಚಾಲಿತ ಪ್ರೋಗ್ರಾಮಿಂಗ್' ಎಂದೇ ಕರೆಯುತ್ತಿದ್ದರು. 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನಿಂದ ಬಂದ ಯಾಕ್ ಮತ್ತು ಲೆಕ್ಸ್ ಎಂಬ ಉಪಕರಣಗಳು ವ್ಯಾಕರಣದ ನಿಯಮ ಕೊಟ್ಟರೆ ಸಿ ಭಾಷೆಯ ಕಡತವನ್ನೇ ಬರೆದು ಕೈಗಿಡುತ್ತಿದ್ದವು. ಜಾವಾ ಜಾಲತಾಣಗಳ ಜೆಎಸ್‌ಪಿ ಪುಟ ತೆರೆಮರೆಯಲ್ಲಿ ಮೊದಲು ಜಾವಾ ಕಡತವಾಗಿ ಬದಲಾಗಿ, ಆಮೇಲೆ ಕಂಪೈಲ್ ಆಗುತ್ತದೆ, ಅಂದರೆ ಯಂತ್ರ ಓಡಿಸಬಲ್ಲ ರೂಪಕ್ಕೆ ಬರುತ್ತದೆ. ಪೈಥಾನ್‌ಗೆ 2018ರಲ್ಲಿ, 3.7ನೆಯ ಆವೃತ್ತಿಯಲ್ಲಿ ಬಂದ ಡೇಟಾಕ್ಲಾಸ್ ಎಂಬ ಸೌಲಭ್ಯವಂತೂ ನೀವು ಬರೆಯದೆ ಬಿಟ್ಟ ಫಂಕ್ಷನ್ನಿನ ಪಠ್ಯವನ್ನು ಅಕ್ಷರಗಳಲ್ಲಿ ಜೋಡಿಸಿ, ಅಲ್ಲೇ ಮೆಮೊರಿಯಲ್ಲಿ ಓಡಿಸಿಬಿಡುತ್ತದೆ. ಬಳಸುವ ಬಹುಪಾಲು ಮಂದಿಗೆ ಅದು ಗೊತ್ತೂ ಇಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ನನ್ನದು ಅಷ್ಟು ಘನವಾದದ್ದೇನಲ್ಲ. ಸಾಲುಗಳನ್ನು ಜೋಡಿಸಲು ಸ್ಟ್ರಿಂಗ್‌ಐಒ ಎಂಬುದನ್ನು ಬಳಸಿದ್ದೆ. ಇದು ಕಡತದಂತೆ ನಟಿಸುವ, ಆದರೆ ಡಿಸ್ಕನ್ನು ಮುಟ್ಟದೆ ಮೆಮೊರಿಯಲ್ಲೇ ಬದುಕುವ ಒಂದು ಬಫರ್. ಅದಕ್ಕೆ ಬರೆಯುತ್ತ ಹೋಗಿ ಕೊನೆಯಲ್ಲಿ 'ಗೆಟ್‌ವ್ಯಾಲ್ಯೂ' ಎಂದರೆ ಬರೆದದ್ದೆಲ್ಲ ಒಂದು ಪಠ್ಯವಾಗಿ ಕೈಗೆ ಬರುತ್ತದೆ. ಪ್ರತಿ ಮಂಡಿಗೂ ಹೊಸ ಬಫರ್ ಏಕೆ ಎಂಬ ಜಿಪುಣತನದಿಂದ ಒಂದನ್ನೇ ಇಟ್ಟುಕೊಂಡು, ಪ್ರತಿ ಸಲ ಓದುಬರಹದ ಮುಳ್ಳನ್ನು, ಅಂದರೆ ಮುಂದಿನ ಅಕ್ಷರ ಎಲ್ಲಿ ಬೀಳಬೇಕೆಂಬ ಗುರುತನ್ನು, ಸೊನ್ನೆಗೆ ತಿರುಗಿಸಿ ಹೊಸದನ್ನು ಬರೆಯುತ್ತಿದ್ದೆ. ಮುಳ್ಳು ಸೊನ್ನೆಗೆ ಬಂದರೆ ಹಳೆಯದು ಅಳಿಯುವುದಿಲ್ಲ. ಹೊಸದು ಹಳೆಯದರ ಮೇಲೆ ಕೂರುತ್ತದೆ, ಅಷ್ಟೇ. ಹೊಸದು ಹಳೆಯದಕ್ಕಿಂತ ಉದ್ದವಾಗಿರುವವರೆಗೆ ಏನೂ ಗೊತ್ತಾಗುವುದಿಲ್ಲ. ಗಿಡ್ಡವಾದ ದಿನ, ಹಳೆಯದರ ಬಾಲ ಕೆಳಗೆ ಇಣುಕುತ್ತದೆ.

ಐದು ತಿಂಗಳು ಏಕೆ ಗೊತ್ತಾಗಲಿಲ್ಲ ಎಂದರೆ, ಹೊಸ ಮಂಡಿಗಳನ್ನು ನಾನು ಕೋಷ್ಟಕದ ಕೊನೆಗೆ ಸೇರಿಸುತ್ತಿದ್ದೆ. ಹೊಸಬರ ಚೀಟಿಗಳಲ್ಲಿ ಕಾಲಂಗಳು ಹೆಚ್ಚು. ಹಾಗಾಗಿ ಕಡತಗಳು ಒಂದಕ್ಕಿಂತ ಒಂದು ಉದ್ದವಾಗುತ್ತ ಹೋಗುತ್ತಿದ್ದವು. ಆ ವಾರ ನಡುವಿನ ಒಂದು ಮಂಡಿಯವರು ಎರಡು ಕಾಲಂ ಬೇಡ ಎಂದರು. ತೆಗೆದೆ. ಅವರ ಕಡತ ಅದರ ಹಿಂದಿನದಕ್ಕಿಂತ ಸರಿಯಾಗಿ 23 ಅಕ್ಷರ ಗಿಡ್ಡವಾಯಿತು. 'ದರ = 6' ಎಂಬುದೂ, ಅದರ ಕೆಳಗಿನ ಗೋಣಿಯ ಸಾಲೂ, ಸಾಲು ಮುರಿಯುವ ಎರಡು ಚಿಹ್ನೆಗಳೂ ಸೇರಿದರೆ 23. ಬೆರಳು ಮಡಿಸಿ ಎಣಿಸಿದ್ದೇನೆ.

ಇದರಲ್ಲಿ ನನ್ನನ್ನು ಇವತ್ತಿಗೂ ಕಾಡುವುದು ಆ ಕಡಿತ ಬಿದ್ದ ಜಾಗ. ಅದು ಒಂದು ಗುಣಿತದ ಚಿಹ್ನೆಯ ಮೇಲೆ ಬಿದ್ದಿದ್ದರೆ, ಹೆಸರೊಂದು ಹಾಗೆ ಆರಂಭವಾಗಲಾರದು ಎಂದು ಪೈಥಾನ್ ಅಲ್ಲೇ ಕೂಗಿಕೊಳ್ಳುತ್ತಿತ್ತು. ಬಿದ್ದದ್ದು ಅಡಿಗೆರೆಗೂ 'ದ'ಕಾರಕ್ಕೂ ನಡುವೆ. ಉಳಿದ ಬಾಲ ತಾನೇ ಒಂದು ಪೂರ್ಣ ಸಾಲಿನಂತೆ ಕಂಡಿತು. 'ದರ' ಎಂಬ ಹೊಸ ಹೆಸರಿಗೆ ಆರು ಎಂಬ ಬೆಲೆ. ಯಾರಿಗೂ ಬೇಡದ, ಯಾರನ್ನೂ ನೋಯಿಸದ ಸಾಲು. ನೋಯಿಸಿದ್ದು ಅದರ ಕೆಳಗಿನದು.

ಅಂದ ಮೇಲೆ ಸಿಂಟ್ಯಾಕ್ಸ್ ಪರೀಕ್ಷೆ, ಅಂದರೆ ಸಾಲುಗಳ ವ್ಯಾಕರಣ ಸರಿಯಿದೆಯೇ ಎಂಬ ಪರೀಕ್ಷೆ, ಇದನ್ನು ಹಿಡಿಯುತ್ತಿರಲಿಲ್ಲ. ಕಡತ ಬರೆಯುವ ಮುನ್ನ ಪಠ್ಯವನ್ನು ಪೈಥಾನ್‌ನ ಕಂಪೈಲ್ ಫಂಕ್ಷನ್ನಿಗೆ ಕೊಟ್ಟು ನೋಡುವ ಅಭ್ಯಾಸ ನನಗೆ ಆಗಲೇ ಇತ್ತು. ಅದು ಪ್ರತಿ ಸಲವೂ ಸರಿ ಎಂದೇ ಹೇಳಿತ್ತು. ಗುಬ್ಬಿಯ ಪತ್ರಿಕೆಯಲ್ಲೂ ಕಾಗುಣಿತ ತಪ್ಪಿರಲಿಲ್ಲವಲ್ಲ.

ಮರುದಿನ ಬಫರಿನ ರಗಳೆಯನ್ನು ನಮ್ಮಲ್ಲಿ ಕೆಲಸ ಕಲಿಯುತ್ತಿರುವ ಹುಡುಗಿಗೆ ತೋರಿಸಿದೆ. ಆಕೆ ಚುರುಕು. "ಸರ್, ಬರೆಯುವ ಮೊದಲು ಟ್ರಂಕೇಟ್ ಮಾಡಿ ಸೊನ್ನೆಗೆ ಕತ್ತರಿಸಿದರೆ ಸಾಕಲ್ಲವೇ?" ಎಂದು ಆ ಸಾಲನ್ನು ಹಾಕಿ, ಮುಳ್ಳನ್ನು ತಿರುಗಿಸುವ ಸಾಲನ್ನು ಅಳಿಸಿ, ಓಡಿಸಿಯೂಬಿಟ್ಟರು. ಈಗ ಪಠ್ಯದ ಮೊದಲಿಗೆ ಸಾವಿರಾರು ಕಾಣದ ಸೊನ್ನೆಯಕ್ಷರಗಳು ಬಂದು ಕುಳಿತವು. ಟ್ರಂಕೇಟ್ ಪಠ್ಯವನ್ನು ಕತ್ತರಿಸುತ್ತದೆ, ಮುಳ್ಳನ್ನು ಮುಟ್ಟುವುದಿಲ್ಲ. ಮುಳ್ಳು ಹಳೆಯ ಕೊನೆಯಲ್ಲೇ ನಿಂತಿರುತ್ತದೆ. ಅಲ್ಲಿಂದ ಬರೆಯತೊಡಗಿದರೆ ಹಿಂದಿನ ಖಾಲಿ ಜಾಗವನ್ನು ಬಫರ್ ಶೂನ್ಯ ಅಕ್ಷರಗಳಿಂದ ತುಂಬಿಸುತ್ತದೆ. ಎರಡೂ ಸಾಲು ಬೇಕು. ಅದಕ್ಕಿಂತ ಸುಲಭ, ಪ್ರತಿ ಮಂಡಿಗೂ ಹೊಸ ಬಫರ್ ತೆಗೆದುಕೊಳ್ಳುವುದು. ಡಾಟ್‌ನೆಟ್ ಬಳಸುವ ಗೆಳೆಯರಿಗೆ ಇದರ ಇನ್ನೊಂದು ಮುಖ ಗೊತ್ತಿರುತ್ತದೆ: ಮೆಮೊರಿಸ್ಟ್ರೀಮ್ ಎಂಬ ಅಲ್ಲಿನ ಬಫರಿಗೆ ಬರೆದು, ಮುಳ್ಳನ್ನು ಹಿಂದಕ್ಕೆ ತರದೆ ಓದಲು ಹೋಗಿ, ಏನೂ ಸಿಗದೆ ಅರ್ಧ ದಿನ ಕಳೆಯುವುದು.

"ಇಷ್ಟೆಲ್ಲ ಫಜೀತಿ ಏಕೆ ಸರ್, ನೇರವಾಗಿ ಕಡತಕ್ಕೇ ಬರೆಯಬಾರದೇ?" ಎಂದು ಆಕೆ ಕೇಳಿದರು. ಒಳ್ಳೆಯ ಪ್ರಶ್ನೆ. ಪ್ರತಿ ಸಲ ಹೊಸದಾಗಿ ತೆರೆದ ಕಡತಕ್ಕೆ ನೇರ ಬರೆದಿದ್ದರೆ ಈ ಬಾಲದ ಸಮಸ್ಯೆಯೇ ಬರುತ್ತಿರಲಿಲ್ಲ ಎಂಬುದು ನಿಜ.

ಆದರೂ ನಾನು ಮೆಮೊರಿಯ ಪಕ್ಷ. ಡಿಸ್ಕಿಗೆ ನೇರ ಬರೆಯುವವನ ಕೈಯಲ್ಲಿ ಕರಡು ಇರುವುದಿಲ್ಲ. ಅರ್ಧ ಬರೆಯುವಾಗ ಕೋಷ್ಟಕದಲ್ಲಿ ತಪ್ಪು ಸಿಕ್ಕಿ ಪ್ರೋಗ್ರಾಂ ನಿಂತರೆ, ಅಥವಾ ನಮ್ಮ ಬೀದಿಯಲ್ಲಿ ಬೇಸಿಗೆಯ ಮಧ್ಯಾಹ್ನ ಮಾಮೂಲಿಯಾಗಿ ಹೋಗುವಂತೆ ಕರೆಂಟು ಹೋದರೆ, ಹಳೆಯ ಕಡತವೂ ಹಾಳು, ಹೊಸದೂ ಅರ್ಧ. ಪಠ್ಯ ಮೆಮೊರಿಯಲ್ಲಿದ್ದರೆ ಮೊದಲು ಅದನ್ನು ಓದಬಹುದು, ಕಂಪೈಲ್ ಮಾಡಿ ನೋಡಬಹುದು, ಡಿಸ್ಕಿನಲ್ಲಿರುವ ಹಳೆಯದರೊಡನೆ ಸಾಲು ಸಾಲಾಗಿ ಹೋಲಿಸಬಹುದು. ಏನೂ ಬದಲಾಗಿಲ್ಲವೆಂದರೆ ಬರೆಯದೆಯೇ ಬಿಡಬಹುದು. ಕಡತದ ಸಮಯ ಬದಲಾಗದಿದ್ದರೆ ಅದನ್ನು ನಂಬಿ ನಡೆಯುವ ಬೇರೆ ಉಪಕರಣಗಳು ಸುಮ್ಮನೆ ಮತ್ತೆ ಕೆಲಸಕ್ಕೆ ಇಳಿಯುವುದಿಲ್ಲ. ಬದಲಾಗಿದ್ದರೆ ಪಕ್ಕದಲ್ಲಿ ತಾತ್ಕಾಲಿಕ ಹೆಸರಿನಲ್ಲಿ ಬರೆದು, ಪೂರ್ತಿಯಾದ ಮೇಲೆ ಒಂದೇ ಏಟಿಗೆ ಹಳೆಯದರ ಜಾಗಕ್ಕೆ ತರಬಹುದು. ಗೋ ಭಾಷೆಯವರು ಇದನ್ನು ರೂಢಿಯನ್ನೇ ಮಾಡಿಕೊಂಡಿದ್ದಾರೆ: ಬೈಟ್‌ಗಳ ಬಫರಿಗೆ ಬರೆದು, ಅದನ್ನು ಭಾಷೆಯದೇ ಫಾರ್ಮ್ಯಾಟ್ ಫಂಕ್ಷನ್ನಿಗೆ ಕೊಟ್ಟು, ನೆಟ್ಟಗಾಗಿ ಬಂದದ್ದನ್ನು ಮಾತ್ರ ಡಿಸ್ಕಿಗೆ ಇಳಿಸುತ್ತಾರೆ. ಪಠ್ಯ ಮುರಿದಿದ್ದರೆ ಫಾರ್ಮ್ಯಾಟ್ ಆಗುವುದೇ ಇಲ್ಲ, ಕೆಲಸ ಅಲ್ಲೇ ನಿಲ್ಲುತ್ತದೆ.

ಹಾಗಾಗಿ ಆ ವಾರ ನಾನು ಮಾಡಿದ ದೊಡ್ಡ ಬದಲಾವಣೆ ಬಫರಿನದಲ್ಲ. ಪಠ್ಯ ಕಟ್ಟುವ ಫಂಕ್ಷನ್ನು ಇನ್ನು ಮೇಲೆ ಏನನ್ನೂ ಬರೆಯುವುದಿಲ್ಲ. ಮಂಡಿಯ ನಿಯಮ ತೆಗೆದುಕೊಂಡು ಪಠ್ಯವನ್ನು ಹಿಂದಿರುಗಿಸುತ್ತದೆ, ಅಷ್ಟೇ. ಡಿಸ್ಕಿಗೆ ಬರೆಯುವ ಫಂಕ್ಷನ್ನು ಬೇರೆ, ಅದಿರುವುದೂ ಬೇರೆ ಕಡೆ. ಮೊಳೆ ಜೋಡಿಸುವವನಿಗೆ ಟ್ರೆಡಲ್ ತುಳಿಯುವ ಅಧಿಕಾರ ಇಲ್ಲ.

ಮೊದಲ ಆವೃತ್ತಿಯಲ್ಲಿ ಇದಕ್ಕಿಂತ ಕೊಳಕು ಉಪಾಯವೊಂದಿತ್ತು, ಅದನ್ನೂ ಹೇಳಿಬಿಡುತ್ತೇನೆ. ಆಗ ನಾನು ಎಲ್ಲವನ್ನೂ ಪ್ರಿಂಟ್ ಮಾಡುತ್ತಿದ್ದೆ, ಪರದೆಗೆ ಹೋಗಬೇಕಾದದ್ದನ್ನು ರೀಡೈರೆಕ್ಟ್ ಸ್ಟ್ಯಾಂಡರ್ಡ್ ಔಟ್ ಎಂಬ ಸೌಲಭ್ಯದಿಂದ ಬಫರಿಗೆ ತಿರುಗಿಸಿಕೊಳ್ಳುತ್ತಿದ್ದೆ. 2014ರ ಪೈಥಾನ್ 3.4ರಲ್ಲಿ ಬಂದದ್ದು ಅದು, ಕಂಡವರ ಮನೆಯ ಪ್ರಿಂಟುಗಳನ್ನು ಹಿಡಿಯಲು ಬಹಳ ಉಪಯೋಗಿ. ತೊಂದರೆ ಏನೆಂದರೆ ಅದು ಇಡೀ ಪ್ರೋಗ್ರಾಮಿನ ನಲ್ಲಿಯನ್ನೇ ತಿರುಗಿಸುತ್ತದೆ. ಒಳಗಿನ ಯಾವುದೋ ಫಂಕ್ಷನ್ನು, ಜೊತೆಗೇ ಓಡುವ ಬೇರೊಂದು ಎಳೆ (ಥ್ರೆಡ್ಡು), ಏನಾದರೂ ಪಿಸುಗುಟ್ಟಿದರೆ ಅದೂ ಬಫರಿಗೆ ಬೀಳುತ್ತದೆ. ಒಂದು ದಿನ ಕೋಷ್ಟಕ ಓದುವ ಫಂಕ್ಷನ್ನು 'ಮುಗಿಯಿತು' ಎಂದು ಪ್ರಿಂಟ್ ಮಾಡಿದ್ದು ನೇರವಾಗಿ ಬಿಲ್ಲಿನ ಪ್ರೋಗ್ರಾಮಿನ ಹದಿನಾಲ್ಕನೆಯ ಸಾಲಾಯಿತು. ಅದನ್ನು ಕಂಪೈಲ್ ಪರೀಕ್ಷೆಯೂ ಬಿಟ್ಟುಕೊಟ್ಟಿತು, ಏಕೆಂದರೆ ಪೈಥಾನ್‌ಗೆ 'ಮುಗಿಯಿತು' ಎಂಬುದು ನ್ಯಾಯವಾದ ಒಂದು ಹೆಸರು. ಓಡಿಸಿದಾಗ ಮಾತ್ರ, ಅಂಥ ಹೆಸರು ಯಾರದ್ದೂ ಇಲ್ಲ ಎಂದು ನಿಂತುಕೊಂಡಿತು.

ಮಾವನ ಅಂಗಡಿಯಲ್ಲಿ ಇದಕ್ಕೂ ಒಂದು ಜೋಡಿ ಕಥೆ ಇದೆ. ಹಸ್ತಪ್ರತಿಯ ಅಂಚಿನಲ್ಲಿ ಗಿರಾಕಿ 'ಇಲ್ಲಿ ದಪ್ಪಕ್ಷರ ಹಾಕಿ' ಎಂದು ಬರೆದಿದ್ದರು. ಹೊಸದಾಗಿ ಸೇರಿದ ಹುಡುಗ ಅದನ್ನೂ ನಿಷ್ಠೆಯಿಂದ ಜೋಡಿಸಿದ. ದಪ್ಪಕ್ಷರದಲ್ಲಿಯೇ ಜೋಡಿಸಿದ. ಕರಡಿನಲ್ಲಿ ಸಿಕ್ಕಿತು, ಪುಣ್ಯ.

ಸೂಚನೆ ಪಠ್ಯವಾಗುವುದು, ಪಠ್ಯ ಸೂಚನೆಯಾಗುವುದು. ಪ್ರೋಗ್ರಾಂ ಬರೆಯುವ ಪ್ರೋಗ್ರಾಮಿನ ಜನ್ಮರೋಗ ಇದು. ಒಂದು ಮಂಡಿಯವರು ತಮ್ಮ ಹೆಸರಿನ ನಡುವೆ ಜನ ಕರೆಯುವ ಅಡ್ಡಹೆಸರನ್ನು ಉದ್ಧರಣ ಚಿಹ್ನೆಗಳೊಳಗೆ ಹಾಕಿ ಕೊಟ್ಟಿದ್ದರು. ನಾನು ಅದನ್ನು ಮತ್ತೊಂದು ಜೊತೆ ಉದ್ಧರಣ ಚಿಹ್ನೆಗಳ ನಡುವೆ ತುರುಕಿದೆ. ಒಳಗಿನ ಮೊದಲ ಚಿಹ್ನೆಗೇ ಹೆಸರು ಮುಗಿದು, ಅಡ್ಡಹೆಸರು ಆಜ್ಞೆಯಾಗಿ ನಿಂತಿತು. ಅದು ಬರಿಯ ಅಡ್ಡಹೆಸರಾಗಿದ್ದರಿಂದ ಬಚಾವು. ಯಾರಾದರೂ ಬೇಕೆಂದೇ ಅಲ್ಲಿ ಕಡತ ಅಳಿಸುವ ಸಾಲು ಬರೆದಿದ್ದರೆ ಅದೂ ಓಡುತ್ತಿತ್ತು. ಇದಕ್ಕೆ ಕೈಯಾರೆ ಚಿಹ್ನೆ ಅಂಟಿಸುವುದು ಮದ್ದಲ್ಲ. ಹೊರಗಿನಿಂದ ಬಂದ ಯಾವುದೇ ಪದವನ್ನು ರೆಪ್ರ್ ಎಂಬ ಫಂಕ್ಷನ್ನಿಗೆ ಕೊಟ್ಟರೆ, ಪೈಥಾನ್ ತನಗೆ ತಾನೇ ಓದಿಕೊಳ್ಳಬಲ್ಲ ರೂಪದಲ್ಲಿ ಅದನ್ನು ಸುತ್ತಿಕೊಡುತ್ತದೆ. ನಾನು ಆ ಒಂದು ಫಂಕ್ಷನ್ನನ್ನು ಬಳಸದೆ ವ್ಯರ್ಥ ಮಾಡಿದ ಸಂಜೆಗಳನ್ನು ಲೆಕ್ಕ ಹಾಕಲು ಹೋಗುವುದಿಲ್ಲ.

ನಮ್ಮ ಲಿಪಿ ತರುವ ತಂಟೆಗಳು ಬೇರೆ, ಅವುಗಳ ರುಚಿಯೇ ಬೇರೆ. ಪೈಥಾನ್ 2008ರಲ್ಲಿ, ತನ್ನ 3.0 ಆವೃತ್ತಿಯಿಂದ, ಹೆಸರುಗಳನ್ನು ಕನ್ನಡದಲ್ಲಿ ಇಡಲು ಬಿಟ್ಟಿದೆ. ನಾನು ಇಟ್ಟೆ. ಮಂಡಿಯ ಗುಮಾಸ್ತರನ್ನು ಪಕ್ಕದಲ್ಲಿ ಕೂರಿಸಿಕೊಂಡು 'ಗೋಣಿ_ಕಡಿತ' ಎಂಬ ಸಾಲು ತೋರಿಸಿದರೆ ಅವರಿಗೆ ಅರ್ಥವಾಗುತ್ತದೆ. ಅದು ನನಗೆ ದೊಡ್ಡ ಲಾಭ. ಆದರೆ ಕಾಲಂ ಶೀರ್ಷಿಕೆಗಳನ್ನೇ ಹೆಸರು ಮಾಡಲು ಹೋದಾಗ 'ನೆಟ್‌ತೂಕ' ಎಂಬಲ್ಲಿ ಪ್ರೋಗ್ರಾಂ ಮುರಿಯಿತು. ಕಣ್ಣಿಗೆ ಏನೂ ಕಾಣದು. 'ಟ್' ಮತ್ತು 'ತೂ' ಸೇರಿ ಒತ್ತಕ್ಷರವಾಗದಿರಲೆಂದು ಟೈಪ್ ಮಾಡಿದವರು ನಡುವೆ ಒಂದು ಕಾಣದ ಅಕ್ಷರ ಹಾಕಿರುತ್ತಾರೆ. ಈ ಬರಹದಲ್ಲೇ ಅದು ಹತ್ತಾರು ಕಡೆ ಇದೆ, ನಿಮಗೆ ಕಂಡಿರಲಾರದು. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅದಕ್ಕೊಂದು ಸಂಖ್ಯೆ ಇದೆ, ಕನ್ನಡದ ಬರವಣಿಗೆಯಲ್ಲಿ ಅದಕ್ಕೊಂದು ಕೆಲಸ ಇದೆ, ಪೈಥಾನ್ ಹೆಸರುಗಳೊಳಗೆ ಮಾತ್ರ ಅದಕ್ಕೆ ಪ್ರವೇಶವಿಲ್ಲ. ಮಾವನ ಅಂಗಡಿಯಲ್ಲಿ ಎರಡು ಮೊಳೆಗಳ ನಡುವೆ ಸಿಕ್ಕಿಸುತ್ತಿದ್ದ ತೆಳು ಸೀಸದ ತುಂಡಿನ ಹಾಗೆ: ಕಾಗದದ ಮೇಲೆ ಅಚ್ಚಾಗುವುದಿಲ್ಲ, ತೆಗೆದರೆ ಸಾಲು ಕೆಡುತ್ತದೆ.

ಇನ್ನೊಂದು ತಂಟೆ 'ಕೊಬ್ಬರಿ'ಯದೇ. ಈ ಪದದ 'ಕೊ' ಎಂಬುದನ್ನು ಕಂಪ್ಯೂಟರಿನಲ್ಲಿ ಎರಡು ಬಗೆಯಲ್ಲಿ ಇಡಬಹುದು: 'ಕ'ಕಾರಕ್ಕೆ ಒಕಾರದ ಒಂದೇ ಚಿಹ್ನೆ, ಅಥವಾ ಎತ್ವದ ಚಿಹ್ನೆ ಹಾಕಿ ಅದರ ಪಕ್ಕ ಊಕಾರದ ಕೊಂಬು. ಪರದೆಯ ಮೇಲೆ ಎರಡೂ ಒಂದೇ. ಮೊದಲ ಬಗೆಯಲ್ಲಿ 'ಕೊಬ್ಬರಿ' ಏಳು ಯೂನಿಕೋಡ್ ಅಕ್ಷರ, ಅವನ್ನು ಕಡತದಲ್ಲಿ ಇಡುವ ಯುಟಿಎಫ್-8 ಎಂಬ ಕ್ರಮದಲ್ಲಿ 21 ಬೈಟು. ಎರಡನೆಯದರಲ್ಲಿ ಎಂಟು ಅಕ್ಷರ, 24 ಬೈಟು. ಓದುವ ನಮಗೆ ಎರಡೂ ಮೂರೇ ಅಕ್ಷರ. ಪೈಥಾನ್ ತನ್ನ ಹೆಸರುಗಳನ್ನು ಓದಿಕೊಳ್ಳುವಾಗ ಎರಡನ್ನೂ ಒಂದೇ ರೂಪಕ್ಕೆ ತರುತ್ತದೆ. ಉದ್ಧರಣ ಚಿಹ್ನೆಯೊಳಗಿನ ಪದಗಳಿಗೆ ಮಾತ್ರ ಆ ಉಪಚಾರ ಇಲ್ಲ, ಇರಕೂಡದು ಕೂಡ. ಹಾಗಾಗಿ ನನ್ನ ಪ್ರೋಗ್ರಾಂ ಬರೆದ ಕಡತದಲ್ಲಿ ಕೊಬ್ಬರಿ ಎಂಬ ಹೆಸರು ಇತ್ತು, ಕೊಬ್ಬರಿ ಎಂಬ ಪದದಿಂದ ಹುಡುಕಿದರೆ ಸಿಗುತ್ತಿರಲಿಲ್ಲ. ತಿಪಟೂರಿನ ಸಾಫ್ಟ್‌ವೇರಿನಲ್ಲಿ ಕೊಬ್ಬರಿಯೇ ಸಿಗದಿದ್ದರೆ ಏನು ಹೇಳುವುದು! ಈಗ ಕೋಷ್ಟಕದಿಂದ ಬಂದ ಪ್ರತಿ ಪದವನ್ನೂ ಬಾಗಿಲಲ್ಲೇ ಒಂದು ರೂಪಕ್ಕೆ ತಂದು ಒಳಗೆ ಬಿಡುತ್ತೇನೆ.

ಈ ಎರಡನ್ನೂ ಹಿಡಿದದ್ದು ಮೆಮೊರಿಯಲ್ಲಿದ್ದ ಕರಡು. ಎರಡು ಪಠ್ಯಗಳನ್ನು ಪಕ್ಕಪಕ್ಕ ಇಟ್ಟು ಉದ್ದ ಅಳೆದಾಗ, ಒಂದೇ ಎಂದು ಕಾಣುತ್ತಿದ್ದ ಸಾಲಿನಲ್ಲಿ ಒಂದಕ್ಷರ ಹೆಚ್ಚು ಬಂತು.

ಆದರೆ ಹೋಲಿಕೆ ಉಪಯೋಗಕ್ಕೆ ಬರಬೇಕಾದರೆ ಅದೇ ಕೋಷ್ಟಕಕ್ಕೆ ಪ್ರತಿ ಸಲವೂ ಅದೇ ಪಠ್ಯ ಹುಟ್ಟಬೇಕು. ನಾನು ಕಡತದ ತಲೆಗೆ 'ಇಂಥ ದಿನ ಇಂಥ ಹೊತ್ತಿಗೆ ತಯಾರಾದದ್ದು' ಎಂದು ಶಾಸನದಂತೆ ಕೆತ್ತಿಸುತ್ತಿದ್ದೆ. ಪ್ರತಿ ಸಲವೂ ವ್ಯತ್ಯಾಸ ಕಾಣುತ್ತಿತ್ತು, ಕಂಡು ಕಂಡು ನೋಡುವುದನ್ನೇ ಬಿಟ್ಟಿದ್ದೆ. ಕಾಲಂಗಳನ್ನು ಸರದಿ ಕಾಯದ ಸೆಟ್ ಎಂಬ ಗುಂಪಿನಲ್ಲಿ ಇಟ್ಟಿದ್ದರಿಂದ ಅವುಗಳ ಸರದಿಯೂ ಓಡಿಸಿದಾಗಲೆಲ್ಲ ಬದಲಾಗುತ್ತಿತ್ತು. ಸಮಯದ ಸಾಲು ತೆಗೆದೆ, ಸರದಿಯನ್ನು ಅಕಾರಾದಿಗೆ ಕಟ್ಟಿದೆ. ತಲೆಯಲ್ಲಿ ಈಗ ಒಂದೇ ಸಾಲು: 'ಇದು ಯಂತ್ರ ಬರೆದದ್ದು, ಇಲ್ಲಿ ತಿದ್ದಬೇಡಿ, ಕೋಷ್ಟಕದಲ್ಲಿ ತಿದ್ದಿ'.

ಇಷ್ಟು ಹೇಳಿದ ಮೇಲೆ ಒಂದು ಅನುಮಾನವನ್ನೂ ಹೇಳಬೇಕು. ಈ ಕಡತಗಳನ್ನು ಹುಟ್ಟಿಸುವ ಅಗತ್ಯವಾದರೂ ಇತ್ತೇ? ಕೋಷ್ಟಕವನ್ನು ಓದಿ ನೇರವಾಗಿ ಲೆಕ್ಕ ಮಾಡುವ ಒಂದೇ ಪ್ರೋಗ್ರಾಂ ಸಾಕಾಗುತ್ತಿರಲಿಲ್ಲವೇ? ಹಲವು ಸಲ ಸಾಕು. ನಾನು ಕಂಡ ಇಂಥ ಉತ್ಪಾದಕ ಪ್ರೋಗ್ರಾಂಗಳಲ್ಲಿ ಅರ್ಧಕ್ಕರ್ಧ, ಬರೆದವರ ಹುಮ್ಮಸ್ಸಿಗೆ ಹುಟ್ಟಿದವು. ಕೆಲವು ಅತಿಯಾಗಿ ಹುಟ್ಟಿಸಿ ಗೋಡೆಗೆ ಬಡಿದುಕೊಳ್ಳುತ್ತವೆ. ಜಾವಾದಲ್ಲಿ ಒಂದು ಮೆಥಡ್ಡಿನ (ಅಲ್ಲಿ ಫಂಕ್ಷನ್ನಿಗೆ ಆ ಹೆಸರು) ಸಂಕೇತ 65,535 ಬೈಟಿಗಿಂತ ಹೆಚ್ಚಾದರೆ ಕಂಪೈಲರ್ ಒಲ್ಲೆ ಎನ್ನುತ್ತದೆ. ಕೈಯಲ್ಲಿ ಬರೆಯುವವರು ಆ ಗೋಡೆಯನ್ನು ಜೀವನದಲ್ಲಿ ಕಾಣುವುದಿಲ್ಲ, ಯಂತ್ರದಿಂದ ಬರೆಸುವವರು ಎರಡನೆಯ ವಾರಕ್ಕೇ ಕಾಣುತ್ತಾರೆ.

ನನಗೆ ಅದು ಬೇಕಾಗಿದ್ದದ್ದು ಬಿಲ್ಲಿನ ಜಗಳಕ್ಕೆ. "ಈ ಸಂಖ್ಯೆ ಹೇಗೆ ಬಂತು?" ಎಂದು ಕೇಳಿದವರಿಗೆ ಎಲ್ಲ ಮಂಡಿಗಳ ಎಲ್ಲ ಷರತ್ತುಗಳನ್ನು ಹೊತ್ತ ಸಾವಿರ ಸಾಲಿನ ಪ್ರೋಗ್ರಾಂ ತೋರಿಸಲಾಗದು. ಅವರ ಮಂಡಿಯದ್ದೇ ನಲವತ್ತು ಸಾಲನ್ನು ಒಂದು ಹಾಳೆಯಲ್ಲಿ ತೆಗೆದು ಮುಂದಿಡಬಹುದು. ಇದೇ ಕಾರಣಕ್ಕೆ ನಾನು ಹುಟ್ಟಿಸಿದ ಪಠ್ಯವನ್ನು ಮೆಮೊರಿಯಿಂದಲೇ ಓಡಿಸುವುದಿಲ್ಲ. ಓಡಿಸಬಹುದು, ಪೈಥಾನ್‌ನಲ್ಲಿ ಎಕ್ಸೆಕ್ ಇದೆ, ಜಾವಾದಲ್ಲಿ 2006ರ ಆರನೆಯ ಆವೃತ್ತಿಯಿಂದ ಕಂಪೈಲರನ್ನು ಪ್ರೋಗ್ರಾಮಿನೊಳಗಿಂದಲೇ ಕರೆದು, ಪಠ್ಯವನ್ನೂ ಫಲಿತಾಂಶವನ್ನೂ ಡಿಸ್ಕಿಗೆ ತಾಗಿಸದೆ ಇಟ್ಟುಕೊಳ್ಳುವ ದಾರಿ ಇದೆ. ಆದರೆ ಹಾಗೆ ಓಡಿದ್ದು ಎಡವಿದರೆ, ಎಡವಿದ ಸಾಲಿನ ಸಂಖ್ಯೆ ಸಿಗುತ್ತದೆ, ಸಾಲು ಸಿಗುವುದಿಲ್ಲ. ಪೈಥಾನ್‌ನಲ್ಲಾದರೆ ಕಡತದ ಹೆಸರಿನ ಜಾಗದಲ್ಲಿ ಕೋನಾಕಾರದ ಆವರಣದೊಳಗೆ 'ಸ್ಟ್ರಿಂಗ್' ಎಂದಷ್ಟೇ ಇರುತ್ತದೆ. ಗುಮಾಸ್ತರಿಗೆ ಅದನ್ನು ತೋರಿಸಿ ಏನು ಹೇಳಲಿ?

ಆ ವಾರದ ಬಿಲ್ಲುಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿದೆ. ತಪ್ಪಿನ ಹಣ ನನ್ನ ಕೈಯಿಂದ ಹೋಯಿತು. ಮೊತ್ತ ದೊಡ್ಡದಲ್ಲ, ತಿಪಟೂರಿಗೆ ಹೋಗಿ ಕೊಟ್ಟುಬಂದ ದಿನದ ಮುಜುಗರ ದೊಡ್ಡದು. ಗುಮಾಸ್ತರು ಕಾಫಿ ಕುಡಿಸಿ ಕಳುಹಿಸಿದರು. ಬರುವಾಗ ಗುಬ್ಬಿಯಲ್ಲಿ ಬಸ್ಸು ನಿಂತಾಗ ಒಬ್ಬನೇ ನಕ್ಕೆ.

ಮಾವನಿಗೆ ಈಗ ಎಂಬತ್ತು ದಾಟಿದೆ. ಆಫ್‌ಸೆಟ್ ಮುದ್ರಣ ಬಂದ ಮೇಲೆ ಮೊಳೆಗಳನ್ನೆಲ್ಲ ತೂಕಕ್ಕೆ ಮಾರಿ ಅಂಗಡಿ ಮುಚ್ಚಿದರು. ಭಾನುವಾರ ಮನೆಗೆ ಹೋದಾಗ ಲ್ಯಾಪ್‌ಟಾಪ್ ತೆರೆದು, ಕುಣಿಗಲ್ಲಿನ ಭಾವಮೈದುನರು ನನ್ನ ಹತ್ತಿರವೂ ಬಂದಿದ್ದರು ಎಂದೆ. ಅವರಿಗೆ ತಕ್ಷಣ ಅರ್ಥವಾಯಿತು. ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಬಾಗಿದರು. ಬೆರಳು ಮೊದಲು ಹೋದದ್ದು ಕೊನೆಯ ಸಾಲಿಗೆ; ಅಲ್ಲಿಂದ ನಿಧಾನವಾಗಿ ಮೇಲಕ್ಕೆ ಏರುತ್ತ ಮೂರನೆಯ ಸಾಲಿನಲ್ಲಿ ನಿಂತಿತು.

"ಇಲ್ಲಿಯವರೆಗೆ ನಿನ್ನದು, ಇಲ್ಲಿಂದ ಕೆಳಗೆ ಇನ್ನೊಬ್ಬರದು" ಎಂದರು. ಸ್ವಲ್ಪ ಹೊತ್ತು ನೋಡಿ, "ಅದೆಲ್ಲ ಸರಿ, ಈ ಗೋಣಿ ಕಡಿತ ಎಂದರೆ ಏನಯ್ಯ? ರೈತ ತಂದ ಚೀಲಕ್ಕೆ ರೈತನೇ ದುಡ್ಡು ಕೊಡಬೇಕೇ?" ಎಂದು ಕೇಳಿದರು.